ಕಲ್ಲಿನ ಮೇಲಿನ ತಪ್ಪು

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನನ್ನ ತಾಯಿಯ ತವರೂರು. ಅಲ್ಲಿನ ಗುಡಿಯ ಮುಂದೆ ಒಂದು ಶಾಸನದ ಕಲ್ಲಿದೆ. ಚಿಕ್ಕಂದಿನಲ್ಲಿ ಅದಕ್ಕೆ ಬೆನ್ನು ಒರಗಿಸಿಕೊಂಡು ಪುರಿ ತಿನ್ನುತ್ತಿದ್ದೆವು. ಕಳೆದ ವರ್ಷ ಹಬ್ಬಕ್ಕೆ ಹೋದಾಗ ನೋಡಿದರೆ, ಯಾರೋ ಪುಣ್ಯಾತ್ಮರು ಅಕ್ಷರಗಳಿಗೆಲ್ಲ ಬಿಳಿ ಪೇಂಟು ತುಂಬಿದ್ದರು. ನಾಲ್ಕು ಜನ ಓದಲಿ ಎಂಬ ಒಳ್ಳೆಯ ಮನಸ್ಸೇ. ಆದರೆ ನನ್ನ ಹಳೆಯ ಫೋಟೋದಲ್ಲಿ ‘ಸಕವರುಷ’ ಎಂದಿದ್ದದ್ದು ಈಗ ‘ಶಕವರುಷ’ ಆಗಿತ್ತು. ಬಳಿದವರು ಕಲ್ಲುಕುಟಿಗನ ಕಾಗುಣಿತವನ್ನೂ ತಿದ್ದಿದ್ದರು.

ಅದು ನನ್ನನ್ನು ಅಷ್ಟು ಚುಚ್ಚಿದ್ದಕ್ಕೆ ನನ್ನ ಕಸುಬೂ ಕಾರಣ. ನಾನು ಸಾಫ್ಟ್‌ವೇರ್ ಬರೆದು ಬದುಕುವವನು. ಪ್ರೋಗ್ರಾಂ ಎಲ್ಲೋ ಆಳದಲ್ಲಿ ಮುಗ್ಗರಿಸಿದಾಗ, ಯಾವ ಸಾಲಿನಲ್ಲಿ, ಏನು ಸಿಗದೆ ಹೀಗಾಯಿತು ಎಂಬ ವಿವರವನ್ನು ಮೇಲಿನ ಪದರಕ್ಕೆ ಎಸೆಯುತ್ತದೆ. ಮೇಲಿನ ಪದರ ಅದನ್ನು ತನ್ನ ಮಾತಿನಲ್ಲಿ ಸುತ್ತಿ ಇನ್ನೂ ಮೇಲಕ್ಕೆ ದಾಟಿಸುತ್ತದೆ. ಸುತ್ತುವುದು ತಪ್ಪಲ್ಲ, ಸುತ್ತುವಾಗ ಒಳಗಿನದನ್ನು ಬಿಸಾಡುವುದು ತಪ್ಪು. 2002ರಲ್ಲಿ ಬಂದ ಜಾವಾ 1.4 ಮತ್ತು 2008ರ ಪೈಥಾನ್ 3, ಹೊಸ ದೋಷದ ಬೆನ್ನಿಗೇ ಮೂಲ ಕಾರಣವನ್ನೂ ಕಟ್ಟಿಕೊಡುವ ಏರ್ಪಾಡು ಮಾಡಿದವು. ಏರ್ಪಾಡಿದ್ದರೂ ಬಳಸಬೇಕಲ್ಲ! ಒಮ್ಮೆ ‘ಏನೋ ತಪ್ಪಾಗಿದೆ’ ಎಂಬ ಒಂದೇ ಸಾಲನ್ನು ಹಿಡಿದು ಬೆಳಗಿನವರೆಗೆ ಹುಡುಕಿದ್ದೆ. ಆ ಸಾಲನ್ನು ಬರೆದವನು ನಾನೇ.

ನಮ್ಮ ಸೀಮೆಯ ಶಾಸನಗಳನ್ನು ಮೊದಲು ವ್ಯವಸ್ಥಿತವಾಗಿ ಅಚ್ಚಿಗೆ ತಂದವರು ಬಿ. ಎಲ್. ರೈಸ್. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟವಾಗಿ 1898ರಲ್ಲಿ ಪ್ರಕಟವಾದವು. ಆ ಸಂಪುಟದಲ್ಲಿ ಇಂಗ್ಲಿಷ್ ಅನುವಾದವಿದೆ. ಜೊತೆಗೆ ರೋಮನ್ ಲಿಪಿಯಲ್ಲೂ ಕನ್ನಡ ಲಿಪಿಯಲ್ಲೂ ಮೂಲಪಾಠವಿದೆ. ರೈಸರ ಓದನ್ನು ಮುಂದಿನ ವಿದ್ವಾಂಸರು ಎಷ್ಟೋ ಕಡೆ ತಿದ್ದಿದ್ದಾರೆ. ಅನುವಾದವನ್ನಷ್ಟೇ ಕೊಟ್ಟು ಮೂಲಪಾಠವನ್ನು ಕೈಬಿಟ್ಟಿದ್ದರೆ ತಿದ್ದುವುದಕ್ಕೆ ಏನಿರುತ್ತಿತ್ತು?

ಶಾಸನ ಓದುವವರ ಪದ್ಧತಿ ಸರಳ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಬಳಿಕ ಕಲ್ಲಿನಲ್ಲಿ ಹೇಗಿದೆಯೋ ಹಾಗೇ ಪಾಠ ಬರೆಯುತ್ತಾರೆ. ಅಳಿಸಿದ ಅಕ್ಷರವನ್ನು ಊಹಿಸಿದರೆ ಚೌಕ ಕಂಸದಲ್ಲಿ ಇಡುತ್ತಾರೆ. ಸರಿರೂಪವನ್ನು ಪಕ್ಕದಲ್ಲಿ ದುಂಡು ಕಂಸದಲ್ಲೋ ಅಡಿಟಿಪ್ಪಣಿಯಲ್ಲೋ ಕೊಡುತ್ತಾರೆ. ತಪ್ಪು ಅಲ್ಲೇ ಇರುತ್ತದೆ, ತಿದ್ದುಪಡಿ ಅದರ ಪಕ್ಕ ನಿಲ್ಲುತ್ತದೆ.

ಇಷ್ಟು ಮಡಿ ಯಾಕೆ ಎಂದು ಕೇಳಬಹುದು. ‘ಧರ್ಮ್ಮ’ ಎಂಬ ಬರಹ ಇಂದಿನ ಕಣ್ಣಿಗೆ ತಪ್ಪು. ಆ ಕಾಲಕ್ಕೆ ರೇಫದ ಮುಂದಿನ ಅಕ್ಷರವನ್ನು ದ್ವಿತ್ವ ಮಾಡುವುದೇ ರೂಢಿ. ‘ಸಕ’ ಎಂದು ಕೆತ್ತಿದವನು ತನ್ನ ನಾಲಿಗೆಯನ್ನು ನಮಗೆ ಕೇಳಿಸುತ್ತಿದ್ದಾನೆ. ಇನ್ನು ೞ ಅಕ್ಷರ. ಅದರ ಉಚ್ಚಾರ ಮರೆತ ಮೇಲೆ ಲಿಪಿಕಾರರು ಅದನ್ನು ಬೇಡದ ಕಡೆಯೂ ಬರೆದರು. ಹಾಗೆ ತಪ್ಪಿದ ೞ ಸಿಕ್ಕರೆ ಬರಹದ ಕಾಲದ ಬಗ್ಗೆ ಒಂದು ಸುಳಿವು ಸಿಕ್ಕಂತೆ.

ಕಾಲದ ಲೆಕ್ಕದಲ್ಲೂ ಹೀಗೆಯೇ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಸಂಖ್ಯೆ. ಶಕ 1740ಕ್ಕೆ ಶೇಷ 12, ಅಂದರೆ ಬಹುಧಾನ್ಯ, ಕ್ರಿ.ಶ. 1818. ಶಾಸನದಲ್ಲಿ ಬಹುಧಾನ್ಯವೆಂದೂ 1741 ಎಂದೂ ಇದ್ದರೆ ಅದು ತಪ್ಪೇ ಆಗಬೇಕಿಲ್ಲ. ಕಳೆದ ವರ್ಷಗಳನ್ನು ಎಣಿಸುವ ಬದಲು ಅವನು ನಡೆಯುತ್ತಿರುವ ವರ್ಷವನ್ನು ಎಣಿಸಿರಬಹುದು. ‘ಸರಿಪಡಿಸಿ’ 1740 ಎಂದು ಅಚ್ಚು ಹಾಕಿದರೆ ಆ ಎಣಿಕೆಯ ಕ್ರಮವೇ ಮಾಯ.

ಗಂಗರ ತಾಮ್ರಪಟಗಳ ವಿಷಯದಲ್ಲಿ ಜೆ. ಎಫ್. ಫ್ಲೀಟ್ ರೈಸರೊಡನೆ ವರ್ಷಗಟ್ಟಲೆ ಜಗಳವಾಡಿದರು. ಅವುಗಳಲ್ಲಿ ಹಲವು ಖೊಟ್ಟಿ ಎಂಬುದು ಅವರ ವಾದ. ಅದಕ್ಕೆ ಅವರು ಹಿಡಿದ ಆಧಾರಗಳು ಕಾಲಕ್ಕೆ ಹೊಂದದ ಲಿಪಿ, ಹೊಂದದ ದಿನಾಂಕ, ಕೆಟ್ಟ ಭಾಷೆ. ಯಾರಾದರೂ ಮೊದಲೇ ಇವನ್ನೆಲ್ಲ ಒಪ್ಪ ಮಾಡಿಟ್ಟಿದ್ದರೆ ಖೊಟ್ಟಿಯೂ ಅಸಲಿಯೂ ಒಂದೇ ಥರ ಹೊಳೆಯುತ್ತಿದ್ದವು.

1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಈ ಸಂಪುಟಗಳ ಪರಿಷ್ಕೃತ ಆವೃತ್ತಿ ತಂದಿತು. ಶಾಸನಗಳಿಗೆ ಹೊಸ ಸಂಖ್ಯೆ ಬಂತು. ಆದರೆ ಹಿಂದೆ ಅಚ್ಚಾಗಿದ್ದ ಶಾಸನಕ್ಕೆ ಹಳೆಯ ಸಂಖ್ಯೆಯನ್ನೂ ಕೊಟ್ಟರು. ಹಿಂದಕ್ಕೆ ಹೋಗುವ ದಾರಿ ಮುಚ್ಚಲಿಲ್ಲ. ನಮ್ಮ ಊರುಗಳೂ ಹಾಗೆಯೇ ಅಲ್ಲವೇ? 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರಿನಲ್ಲಿ ಚಾಮರಾಜನಗರ ಎಂದು ಕರೆದ ಊರು ಅದಕ್ಕೆ ಮೊದಲು ಅರಿಕುಠಾರ. ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಅಲ್ಲಿನ ವಿಜಯನಾರಾಯಣ ದೇವಸ್ಥಾನ ಅದನ್ನು ಇನ್ನೂ ನೆನಪಿಸುತ್ತದೆ.

ಊರಿನ ಹಿರಿಯರೊಡನೆ ಕೂತು ನನ್ನ ಹಳೆಯ ಫೋಟೋ ತೋರಿಸಿದೆ. ಒಬ್ಬರು ಕನ್ನಡಕ ಏರಿಸಿ ನೋಡಿ, ‘ಸಕ ಅಂತ್ಲೇ ಅದೆ, ನಾವೂ ಹಂಗೇ ಅಲ್ವಾ ಅನ್ನದು’ ಎಂದರು. ಪೇಂಟನ್ನು ಕೆರೆಯುವುದು ಬೇಡ, ಕಲ್ಲೇ ಕಿತ್ತು ಬರುತ್ತದೆ ಎಂದೆ. ಮುಂದಿನ ಹಬ್ಬಕ್ಕೆ ಮತ್ತೆ ಬಳಿಯುವುದಿಲ್ಲ ಎಂದಿದ್ದಾರೆ. ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗುಡಿಯ ಗೋಡೆಗೆ ತೂಗುಹಾಕಲು ಕೊಟ್ಟು ಬಂದೆ.