ಗುಳಿಗೆಯ ನಡುವೆ ರಕ್ತದ ಕಲೆ: ಗರ್ಭನಿರೋಧ ಕೈಕೊಟ್ಟಿತೆಂದು ಅರ್ಥವೇ?

ಗರ್ಭನಿರೋಧಕ ಗುಳಿಗೆಯ ಸೇವನೆ ಆರಂಭಿಸಿದ ಮೊದಲ ತಿಂಗಳುಗಳಲ್ಲಿ, ಮುಟ್ಟಿನ ದಿನ ಇನ್ನೂ ದೂರವಿರುವಾಗಲೇ ಕಂದು ಇಲ್ಲವೇ ತಿಳಿಗೆಂಪು ಕಲೆ ಕಾಣಿಸಿಕೊಳ್ಳುವುದು ಅನೇಕ ಮಹಿಳೆಯರ ಅನುಭವ. ವೈದ್ಯರು ಇದನ್ನು ‘ಸ್ಪಾಟಿಂಗ್’ ಎನ್ನುತ್ತಾರೆ. ಪ್ಯಾಡ್ ಬಳಸಬೇಕಾದಷ್ಟು ಸ್ರಾವವಿದ್ದರೆ ಅದಕ್ಕೆ ‘ಬ್ರೇಕ್‌ಥ್ರೂ ಬ್ಲೀಡಿಂಗ್’ ಎಂಬ ಹೆಸರಿದೆ. ಕಲೆ ಕಂಡೊಡನೆ ಏಳುವ ಪ್ರಶ್ನೆ, ಗುಳಿಗೆ ಕೆಲಸ ಮಾಡುತ್ತಿಲ್ಲವೇ ಎಂಬುದು. ಗುಳಿಗೆಯನ್ನು ದಿನವೂ ತಪ್ಪದೆ ಸೇವಿಸುತ್ತಿದ್ದು, ಅದರ ಶಕ್ತಿಯನ್ನು ಕುಂದಿಸುವ ಬೇರೆ ಔಷಧಿ ದೇಹಕ್ಕೆ ಸೇರುತ್ತಿಲ್ಲವಾದರೆ, ಕಲೆ ಕಂಡ ಮಾತ್ರಕ್ಕೆ ಅದರ ರಕ್ಷಣೆ ತಗ್ಗುವುದಿಲ್ಲ. ಆದರೆ ಗಾಬರಿಯಿಂದ ಅದನ್ನು ಅರ್ಧದಲ್ಲೇ ಬಿಟ್ಟರೆ ಗರ್ಭ ನಿಲ್ಲುವ ಸಾಧ್ಯತೆ ನಿಜವಾಗಿಯೂ ಎದುರಾಗುತ್ತದೆ.

ಕಲೆ ಬರುವುದೇಕೆ?

ಸಂಯುಕ್ತ ಗುಳಿಗೆಯಲ್ಲಿ ಈಸ್ಟ್ರೊಜನ್ ಮತ್ತು ಪ್ರೊಜೆಸ್ಟೋಜನ್ ಎಂಬ ಎರಡು ಬಗೆಯ ಹಾರ್ಮೋನುಗಳಿರುತ್ತವೆ. ಇವು ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತವೆ. ಗರ್ಭಕೊರಳಿನ ಲೋಳೆಯನ್ನು ಗಟ್ಟಿಗೊಳಿಸಿ ವೀರ್ಯಾಣುಗಳ ದಾರಿಯನ್ನು ಮುಚ್ಚುತ್ತವೆ. ರಕ್ಷಣೆ ದೊರೆಯುವುದು ಮುಖ್ಯವಾಗಿ ಈ ಎರಡು ಕಡೆ. ಕಲೆಯಾದರೋ ಗರ್ಭಕೋಶದ ಒಳಪದರದಿಂದ ಬರುವಂಥದು. ಗುಳಿಗೆಯ ಪ್ರಭಾವದಿಂದ ಈ ಪದರ ತೆಳುವಾಗುತ್ತದೆ, ಅದರಲ್ಲಿನ ಸೂಕ್ಷ್ಮ ರಕ್ತನಾಳಗಳು ಸುಲಭವಾಗಿ ಜಿನುಗುತ್ತವೆ. ದೇಹ ಹೊಸ ಹಾರ್ಮೋನು ಪ್ರಮಾಣಕ್ಕೆ ಹೊಂದಿಕೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುತ್ತದೆ.

ಈ ತೊಂದರೆ ಗುಳಿಗೆಯಷ್ಟೇ ಹಳೆಯದು. 1950ರ ದಶಕದಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಕ್ಕೆ ಬಳಸಿದ ಪ್ರೊಜೆಸ್ಟೋಜನ್‌ನಲ್ಲಿ ಮೆಸ್ಟ್ರನಾಲ್ ಎಂಬ ಈಸ್ಟ್ರೊಜನ್ ಅಲ್ಪ ಪ್ರಮಾಣದಲ್ಲಿ ಕಲಬೆರಕೆಯಾಗಿತ್ತು. ಅದನ್ನು ಶುದ್ಧೀಕರಿಸಿ ಕೊಟ್ಟಾಗ ನಡುವಿನ ರಕ್ತಸ್ರಾವ ಹೆಚ್ಚಾಯಿತು! ಆಗ ಆ ‘ಕಲಬೆರಕೆ’ಯನ್ನು ಬೇಕೆಂದೇ ಉಳಿಸಿಕೊಳ್ಳಲಾಯಿತು. 1960ರಲ್ಲಿ ಅನುಮತಿ ಪಡೆದ ಎನೋವಿಡ್ ಗುಳಿಗೆಯಲ್ಲಿ 150 ಮೈಕ್ರೊಗ್ರಾಂ ಮೆಸ್ಟ್ರನಾಲ್ ಇತ್ತು. ಹೆಚ್ಚು ಈಸ್ಟ್ರೊಜನ್‌ನಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೆಂದು ತಿಳಿದ ಮೇಲೆ ಪ್ರಮಾಣ ಇಳಿಯುತ್ತ ಬಂತು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಗುಳಿಗೆಯಲ್ಲಿ ಇರುವುದು 30 ಮೈಕ್ರೊಗ್ರಾಂ ಎಥಿನೈಲ್ ಈಸ್ಟ್ರಾಡಿಯಾಲ್, ಜೊತೆಗೆ 150 ಮೈಕ್ರೊಗ್ರಾಂ ಲೆವೊನಾರ್ಜೆಸ್ಟ್ರಲ್. ಪ್ರಮಾಣ ತಗ್ಗಿದಷ್ಟೂ ಸುರಕ್ಷತೆ ಹೆಚ್ಚಿತು, ಕಲೆಯ ಕಿರಿಕಿರಿಯೂ ತುಸು ಹೆಚ್ಚಿತು. ಆದಕಾರಣ, ಕಲೆ ನಿಲ್ಲಲೆಂದು ಔಷಧಿ ಅಂಗಡಿಯಲ್ಲಿ ತಾವಾಗಿಯೇ ‘ಜೋರಾದ’ ಗುಳಿಗೆ ಕೇಳಿ ಪಡೆಯುವುದು ಒಳ್ಳೆಯ ಉಪಾಯವಲ್ಲ.

ಸಾಮಾನ್ಯವಾಗಿ ಆಗುವ ತಪ್ಪು

ಪ್ಯಾಕಿನ ನಡುವೆ ರಕ್ತ ಕಂಡಾಗ ಮುಟ್ಟು ಬಂದಿತೆಂದು ತಿಳಿದು ಗುಳಿಗೆ ನಿಲ್ಲಿಸಿ, ಕೆಲವು ದಿನಗಳ ನಂತರ ಹೊಸ ಪ್ಯಾಕ್ ತೆರೆಯುವವರಿದ್ದಾರೆ. ಇದು ಸಲ್ಲದು. ಸ್ರಾವವಿದ್ದರೂ ಅದೇ ಪ್ಯಾಕನ್ನು ಕ್ರಮವಾಗಿ ಮುಗಿಸಬೇಕು. ಮಾಲಾ-ಎನ್‌ನಂಥ 28ರ ಪ್ಯಾಕಿನಲ್ಲಿ 21 ಹಾರ್ಮೋನು ಗುಳಿಗೆಗಳು, ಉಳಿದ 7 ಕಬ್ಬಿಣಾಂಶದವು. ಕಬ್ಬಿಣದ ಗುಳಿಗೆಗಳ ವಾರದಲ್ಲಿ ಬರುವ ಸ್ರಾವ ಹಾರ್ಮೋನು ನಿಂತದ್ದರ ಪರಿಣಾಮವೇ ಹೊರತು ನಿಜವಾದ ಋತುಸ್ರಾವವಲ್ಲ. ಅದು ಮೊದಲಿಗಿಂತ ಕಡಿಮೆಯಾದರೆ ಚಿಂತಿಸಬೇಕಾಗಿಲ್ಲ.

ಹಾರ್ಮೋನಿಲ್ಲದ ಅವಧಿ ಏಳು ದಿನ ಮೀರಬಾರದು. ಮೀರಿದರೆ ಅಂಡಾಶಯ ಮತ್ತೆ ಎಚ್ಚರಗೊಳ್ಳುತ್ತದೆ. ಈ ಕಾರಣದಿಂದ ಪ್ಯಾಕಿನ ಆರಂಭದ ಮತ್ತು ಹಾರ್ಮೋನು ಗುಳಿಗೆಗಳ ಕೊನೆಯ ದಿನಗಳಲ್ಲಿ ಮರೆಯುವುದು ಹೆಚ್ಚು ಅಪಾಯಕಾರಿ. ಊರಿಗೆ ಹೋದಾಗ ಹೊಸ ಪ್ಯಾಕ್ ಮನೆಯಲ್ಲೇ ಉಳಿಯಿತೆಂಬ ಸಣ್ಣ ಸಂಗತಿ ಗರ್ಭಕ್ಕೆ ಕಾರಣವಾಗಬಲ್ಲದು. ಒಂದು ಗುಳಿಗೆ ಮರೆತರೆ ನೆನಪಾದೊಡನೆ ನುಂಗಿ, ಅಂದಿನದನ್ನು ಎಂದಿನ ವೇಳೆಗೆ ಸೇವಿಸಿದರೆ ಸಾಕು. ಸತತ ಎರಡು ಅಥವಾ ಹೆಚ್ಚು ಮರೆತಿದ್ದರೆ, ಕೊನೆಯದಾಗಿ ಮರೆತ ಒಂದನ್ನು ಕೂಡಲೇ ಸೇವಿಸಿ ಮುಂದುವರಿಸಬೇಕು. ಏಳು ದಿನ ಸತತವಾಗಿ ಹಾರ್ಮೋನು ಗುಳಿಗೆ ಸೇವಿಸುವವರೆಗೆ ಕಾಂಡೋಮ್ ಅಗತ್ಯ. ಇದು ಮೂರನೆಯ ವಾರದಲ್ಲಾಗಿದ್ದರೆ ಕಬ್ಬಿಣದ ಗುಳಿಗೆಗಳನ್ನು ಬಿಟ್ಟು ಮರುದಿನವೇ ಹೊಸ ಪ್ಯಾಕ್ ಆರಂಭಿಸಬೇಕು. ಮೊದಲ ವಾರದಲ್ಲಿ ಮರೆತು, ಆ ದಿನಗಳಲ್ಲಿ ಸಂಭೋಗ ನಡೆದಿದ್ದರೆ ತುರ್ತು ಗರ್ಭನಿರೋಧಕದ ಬಗ್ಗೆ ವೈದ್ಯರನ್ನು ತಡಮಾಡದೆ ಕೇಳಬೇಕು. ಗುಳಿಗೆ ನುಂಗಿದ ಎರಡು ಮೂರು ಗಂಟೆಗಳೊಳಗೆ ವಾಂತಿಯಾದರೆ ಇನ್ನೊಂದನ್ನು ಸೇವಿಸಬೇಕು.

ತಪ್ಪದೆ, ಸರಿಯಾಗಿ ಸೇವಿಸಿದ 100 ಮಹಿಳೆಯರಲ್ಲಿ ವರ್ಷಕ್ಕೆ ಒಬ್ಬರಿಗಿಂತ ಕಡಿಮೆ ಮಂದಿ ಗರ್ಭಿಣಿಯರಾಗುತ್ತಾರೆ. ಮರೆವು, ವಿಳಂಬ ಎಲ್ಲ ಸೇರಿದ ಸಾಮಾನ್ಯ ಬಳಕೆಯಲ್ಲಿ ಈ ಸಂಖ್ಯೆ ಸುಮಾರು 7.

ಕಲೆಯನ್ನು ಕಡೆಗಣಿಸಬಾರದ ಸಂದರ್ಭ

ಕ್ಷಯರೋಗದ ಚಿಕಿತ್ಸೆಯಲ್ಲಿರುವವರು ವಿಶೇಷ ಗಮನ ಕೊಡಬೇಕು. ಆ ಚಿಕಿತ್ಸೆಯ ಮುಖ್ಯ ಔಷಧಿಯಾದ ರಿಫಾಂಪಿಸಿನ್, ಯಕೃತ್ತು ಹಾರ್ಮೋನುಗಳನ್ನು ಬಹುಬೇಗ ಕರಗಿಸುವಂತೆ ಮಾಡುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಮುಂತಾದ ಅಪಸ್ಮಾರದ ಔಷಧಿಗಳೂ, ಎಚ್‌ಐವಿಯ ಕೆಲವು ಔಷಧಿಗಳೂ ಹೀಗೆಯೇ. ತಿಂಗಳುಗಟ್ಟಲೆ ಕಲೆಯಿಲ್ಲದೆ ಗುಳಿಗೆ ಸೇವಿಸುತ್ತಿದ್ದವರಿಗೆ ಇಂಥ ಔಷಧಿ ಆರಂಭಿಸಿದ ಬಳಿಕ ಕಲೆ ಕಂಡರೆ, ಗುಳಿಗೆಯ ಶಕ್ತಿ ಕುಂದಿದೆಯೆಂದು ಸಂಶಯಿಸಬೇಕು. ಕಾಪರ್-ಟಿಯಂಥ ಬೇರೆ ವಿಧಾನ ಇವರಿಗೆ ಮೇಲು. ಸಾಮಾನ್ಯ ಸೋಂಕಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಆಂಟಿಬಯೋಟಿಕ್‌ಗಳಿಂದ ಈ ತೊಂದರೆಯಿಲ್ಲ. ಅವುಗಳ ಬಗ್ಗೆ ಇರುವ ಭೀತಿ ಅನಗತ್ಯ.

ಮೂರು ತಿಂಗಳ ನಂತರವೂ ಕಲೆ ನಿಲ್ಲದಿದ್ದರೆ, ಸಂಭೋಗದ ಬಳಿಕ ರಕ್ತ ಕಂಡರೆ, ದುರ್ವಾಸನೆಯ ಬಿಳಿಸೆರಗು ಇದ್ದರೆ ಗರ್ಭಕೊರಳಿನ ಪರೀಕ್ಷೆ ಮಾಡಿಸಬೇಕು. ಕ್ಲಮಿಡಿಯಾದಂಥ ಸೋಂಕು ಇದಕ್ಕೆ ಕಾರಣವಾಗಿರಬಹುದು. ಕಲೆಯೊಂದಿಗೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಇದ್ದರೆ ಗರ್ಭನಾಳದಲ್ಲಿ ಗರ್ಭ ನಿಂತಿರಬಹುದು. ಅದು ತುರ್ತುಸ್ಥಿತಿ, ಮರುದಿನಕ್ಕೆ ಕಾಯುವಂತಿಲ್ಲ.

ಹೆಸರಿನ ಗೊಂದಲ

ಗುಳಿಗೆಗಳೆಲ್ಲ ಒಂದೇ ಅಲ್ಲ. ಪ್ರೊಜೆಸ್ಟೋಜನ್ ಮಾತ್ರ ಇರುವ ಗುಳಿಗೆಯಲ್ಲಿ ಅನಿಯಮಿತ ಕಲೆ ಇನ್ನೂ ಸಾಮಾನ್ಯ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸರಕಾರ ‘ಛಾಯಾ’ ಹೆಸರಿನಲ್ಲಿ ವಿತರಿಸುವ ಗುಳಿಗೆ ಹಾರ್ಮೋನುರಹಿತ. ಮೊದಲ ಮೂರು ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದು. ಅದರಲ್ಲಿ ಮುಟ್ಟು ಮುಂದೆ ಹೋಗುವುದೇ ಹೆಚ್ಚು. ಮದುವೆ, ಪೂಜೆ, ಯಾತ್ರೆಗಳಿಗಾಗಿ ಮುಟ್ಟು ಮುಂದೂಡಲು ನಮ್ಮಲ್ಲಿ ಧಾರಾಳವಾಗಿ ಬಳಸುವ ನಾರ್‌ಎಥಿಸ್ಟಿರೋನ್ ಮಾತ್ರೆಯನ್ನು ಗರ್ಭನಿರೋಧಕವೆಂದು ನೆಚ್ಚುವಂತಿಲ್ಲ. ತುರ್ತು ಗುಳಿಗೆ ಸೇವಿಸಿದ ಕೆಲವು ದಿನಗಳಲ್ಲಿ ಕಾಣುವ ಕಲೆಯೂ ಅದು ಫಲಿಸಿತೆಂಬುದಕ್ಕೆ ಸಾಕ್ಷಿಯಲ್ಲ.

ಗುಳಿಗೆ ತಪ್ಪಿದ್ದು, ಕಬ್ಬಿಣದ ವಾರದಲ್ಲಿ ಸ್ರಾವ ಬಾರದಿದ್ದರೆ ಮೂತ್ರಪರೀಕ್ಷೆಯ ಕಿಟ್ ಬಳಸಿ ಸಂಶಯ ಪರಿಹರಿಸಿಕೊಳ್ಳಬಹುದು. ಗುಳಿಗೆಯ ಹಾರ್ಮೋನುಗಳು ಈ ಪರೀಕ್ಷೆಯ ಫಲಿತಾಂಶವನ್ನು ಬದಲಿಸುವುದಿಲ್ಲ. ಗರ್ಭ ನಿಂತದ್ದು ಖಚಿತವಾದರೆ ಗುಳಿಗೆ ನಿಲ್ಲಿಸಬೇಕು. ಅರಿಯದೆ ಸೇವಿಸಿದ ಗುಳಿಗೆಗಳಿಂದ ಶಿಶುವಿಗೆ ಅಂಗದೋಷ ಉಂಟಾಗುತ್ತದೆಂಬುದಕ್ಕೆ ಪುರಾವೆ ಕಂಡುಬಂದಿಲ್ಲ.