ನೌಕರಿ ಸರಕಾರದ್ದು, ಮಾತು ಯಾರದ್ದು?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದು ಸರಿಯೋ ತಪ್ಪೋ ಎಂದು ನಮ್ಮ ವ್ಯಾಪಾರಿಗಳು ಅಂಗಡಿ ಜಗಲಿಯಲ್ಲಿ ಕೂತು ವಾದಿಸಬಹುದಿತ್ತು. ಅದೇ ಮನೆಯ ಮಗ ಸರಕಾರಿ ಗುಮಾಸ್ತನಾಗಿದ್ದರೆ ಮಾತು ಅಳೆದು ಆಡಬೇಕಿತ್ತು. 1960ರ ಕೇರಳ ಸರಕಾರಿ ನೌಕರರ ನಡತೆ ನಿಯಮಗಳು ನೌಕರರನ್ನು ಪಕ್ಷ ರಾಜಕೀಯದಿಂದ ದೂರವಿಟ್ಟವು.

ಹಾಗಾದರೆ ನೌಕರಿಗೆ ಸೇರಿದವನು ನಾಲಿಗೆಯನ್ನೇ ಅಡವಿಟ್ಟ ಹಾಗಾಯಿತೇ? ಈ ಪ್ರಶ್ನೆ ಬಿಹಾರದಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಸೇವಾ ಷರತ್ತುಗಳ ವಿಷಯದಲ್ಲಿ ನೌಕರರು ಯಾವ ಪ್ರದರ್ಶನವನ್ನೂ ಮಾಡಬಾರದು, ಮುಷ್ಕರ ಹೂಡಬಾರದು ಎಂದು ಅಲ್ಲಿನ ನಿಯಮ 4-ಎ ಹೇಳುತ್ತಿತ್ತು. 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಕೋರ್ಟು ಪ್ರದರ್ಶನದ ಮೇಲಿನ ನಿಷೇಧವನ್ನು ರದ್ದು ಮಾಡಿತು. ಸರಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗುವುದಿಲ್ಲ, ಶಾಂತಿಯುತ ಪ್ರದರ್ಶನವೂ ಅಭಿವ್ಯಕ್ತಿಯೇ ಎಂದಿತು. ಆದರೆ ಮುಷ್ಕರ ಮೂಲಭೂತ ಹಕ್ಕಲ್ಲ ಎಂದೂ ಹೇಳಿತು.

ಪಕ್ಷ ರಾಜಕೀಯದ ಬಾಗಿಲು ಮಾತ್ರ ಇಂದಿಗೂ ಮುಚ್ಚಿದೆ. ಕೇಂದ್ರ ನೌಕರರ 1964ರ ನಿಯಮಗಳ ಪ್ರಕಾರ ಮತ ಹಾಕಬಹುದು, ಯಾರಿಗೆಂದು ಸೂಚಿಸುವಂತಿಲ್ಲ. ಮನೆಗೋ ವಾಹನಕ್ಕೋ ಚುನಾವಣಾ ಚಿಹ್ನೆ ಹಾಕುವುದೂ ತಪ್ಪಾಗುತ್ತದೆ.

ಇಂದು ನಮ್ಮ ಹುಡುಗ ಹುಡುಗಿಯರು ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾರೆ. ಕೆಲಸ ಸಿಕ್ಕಿದ ಮೇಲೆ ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಹಿರಿಯರು ಹೇಳಿಕೊಡುತ್ತಾರೆ. ಎಲ್ಲಿ ಮಾತನಾಡಬಹುದು ಎಂಬುದನ್ನೂ ಹೇಳಿಕೊಡೋಣ.