ಅಂಗಡಿಯ ಹೊಸ್ತಿಲಲ್ಲಿ ಕೋವಿ

ಅಮೆರಿಕದ ಪಶ್ಚಿಮ ಸೀಮೆ ಎಂದೊಡನೆ ನಮಗೆ ನೆನಪಾಗುವುದು ಚಲನಚಿತ್ರಗಳು ಕಟ್ಟಿಕೊಟ್ಟ ನೋಟ: ಅಗಲವಾದ ಹ್ಯಾಟು, ಸೊಂಟದಲ್ಲಿ ಪಿಸ್ತೂಲು, ಹೆಂಡದಂಗಡಿಯ ಬಾಗಿಲನ್ನು ತಳ್ಳಿಕೊಂಡು ಒಳಬರುವ ಸವಾರ. ಅಲ್ಲಿ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಕೋವಿ ಹಿಡಿದು ಹೋಗಬಹುದಾಗಿತ್ತೆಂದೇ ನಾವು ನಂಬಿದ್ದೇವೆ. ಚರಿತ್ರೆ ಹೇಳುವ ಮಾತು ಬೇರೆ. ಆ ಸೀಮೆಯ ಎಷ್ಟೋ ಊರುಗಳಲ್ಲಿ, ಪೇಟೆಗೆ ಬಂದವನು ಮೊದಲು ಮಾಡಬೇಕಾಗಿದ್ದ ಕೆಲಸವೇ ಕೋವಿಯನ್ನು ಒಪ್ಪಿಸುವುದು.

1870ರ ದಶಕದಲ್ಲಿ ಟೆಕ್ಸಸ್ಸಿನ ದನಗಾಹಿಗಳು ಸಾವಿರಾರು ದನಗಳನ್ನು ಹೊಡೆದುಕೊಂಡು ಕ್ಯಾನ್ಸಾಸಿನ ರೈಲ್ವೆ ಪೇಟೆಗಳನ್ನು ಸೇರುತ್ತಿದ್ದರು. ಜೇಬಿನಲ್ಲಿ ತಿಂಗಳುಗಟ್ಟಲೆ ದುಡಿದ ಸಂಬಳ, ಎದುರಿಗೆ ಹೆಂಡದಂಗಡಿ, ಸೊಂಟದಲ್ಲಿ ಪಿಸ್ತೂಲು. ಈ ಮೂರೂ ಕೂಡಿದರೆ ಏನಾದೀತೆಂಬುದನ್ನು ವರ್ತಕರು ಬಲ್ಲವರಾಗಿದ್ದರು. ಅವರಿಗೆ ಗಿರಾಕಿ ಬೇಕು, ಗುಂಡು ಬೇಡ. ಪುರಸಭೆಗಳಲ್ಲಿ ಅವರದೇ ಮಾತು ನಡೆಯುತ್ತಿತ್ತು. ವಿಚಿಟಾ ಪಟ್ಟಣಕ್ಕೆ ಬಂದವರು ರಿವಾಲ್ವರನ್ನು ಪೊಲೀಸರಲ್ಲಿ ಬಿಟ್ಟು, ಗುರುತಿನ ಬಿಲ್ಲೆ ಪಡೆಯಬೇಕಾಗಿತ್ತು. ಡಾಜ್ ಸಿಟಿಯ ಬೀದಿಯ ಒಂದು ಹಳೆಯ ಛಾಯಾಚಿತ್ರವುಂಟು. ಬಂದೂಕು ಒಯ್ಯುವುದು ಕಟ್ಟುನಿಟ್ಟಾಗಿ ನಿಷಿದ್ಧವೆಂದು ಅದರಲ್ಲಿನ ಹಲಗೆ ಸಾರುತ್ತದೆ. ಸ್ವಾರಸ್ಯವೆಂದರೆ, ಅದೇ ಹಲಗೆಯ ಮೇಲೆ ‘ಪ್ರಿಕ್ಲಿ ಆಶ್ ಬಿಟರ್ಸ್’ ಎಂಬ ಟಾನಿಕ್ಕಿನ ಜಾಹೀರಾತೂ ಇದೆ! ನಿಷೇಧವೂ ವ್ಯಾಪಾರವೂ ಒಂದೇ ಕಂಬಕ್ಕೆ ತಗುಲಿಕೊಂಡಿದ್ದವು.

ಅರಿಜೋನಾ ಪ್ರಾಂತದ ಟೂಮ್‌ಸ್ಟೋನ್ ಎಂಬ ಬೆಳ್ಳಿಗಣಿಯ ಊರೂ 1881ರ ಏಪ್ರಿಲಿನಲ್ಲಿ ಇಂಥದೇ ಕಟ್ಟಳೆ ಮಾಡಿತು. ಲಿಖಿತ ಅನುಮತಿಯಿಲ್ಲದೆ ಆಯುಧ ಧರಿಸಿ ಊರೊಳಗೆ ಓಡಾಡುವಂತಿರಲಿಲ್ಲ. ಹೊರಗಿನಿಂದ ಬಂದವರು ಅದನ್ನು ಕುದುರೆ ಲಾಯದಲ್ಲೋ ಹೆಂಡದಂಗಡಿಯಲ್ಲೋ ಇರಿಸಿ, ಹೊರಡುವಾಗ ಮರಳಿ ಪಡೆಯಬೇಕು. ಆ ವರ್ಷದ ಅಕ್ಟೋಬರ್ 26ರಂದು ಐಕ್ ಕ್ಲಾಂಟನ್ ಎಂಬವನಿಗೆ ಈ ಕಟ್ಟಳೆ ಮುರಿದುದಕ್ಕಾಗಿ 25 ಡಾಲರ್ ದಂಡ ಬಿತ್ತು. ಅದೇ ಮಧ್ಯಾಹ್ನ ಅವನ ಕಡೆಯವರ ಆಯುಧ ಕಸಿಯಲು ಮಾರ್ಷಲ್ ವರ್ಜಿಲ್ ಅರ್ಪ್ ತನ್ನ ಸಂಗಡಿಗರೊಡನೆ ಹೋದಾಗ ನಡೆದದ್ದೇ ‘ಓ.ಕೆ. ಕೊರಾಲ್’ ಕಾಳಗ. ಅರೆ ನಿಮಿಷದೊಳಗೆ ಮೂವರು ಸತ್ತರು. ಸಿನಿಮಾದವರು ಶೌರ್ಯದ ಕಥೆಯಾಗಿಸಿದ ಈ ಘಟನೆಯ ಬೇರು ಪುರಸಭೆಯ ಒಂದು ಕಟ್ಟಳೆಯಲ್ಲಿತ್ತು. ಕಟ್ಟಳೆ ಮಾಡಿದ ಮಾತ್ರಕ್ಕೆ ಶಾಂತಿ ನೆಲೆಸಲಿಲ್ಲ, ನಿಜ. ಆದರೆ ಕೋವಿ ಬೇಡವೆನ್ನುವ ಹೊಣೆ ಊರಿನದಾಗಿತ್ತು. ಅಂಗಡಿಯವನು ಅದನ್ನು ಕಾದಿಡುವವನು ಮಾತ್ರ.

ಇಪ್ಪತ್ತನೆಯ ಶತಮಾನದ ಕೊನೆಗೆ ಈ ಹೊಣೆ ಕೈಬದಲಾಯಿತು. 1871ರಿಂದ ಪಿಸ್ತೂಲು ಒಯ್ಯುವುದನ್ನು ನಿರ್ಬಂಧಿಸಿದ್ದ ಟೆಕ್ಸಸ್, ಪರವಾನಗಿ ಪಡೆದವರು ಮರೆಯಲ್ಲಿಟ್ಟು ಒಯ್ಯಬಹುದೆಂದು 1995ರಲ್ಲಿ ಕಾನೂನು ಮಾಡಿತು. 2016ರಿಂದ ಎದ್ದು ಕಾಣುವಂತೆಯೂ ಒಯ್ಯಬಹುದಾಯಿತು. ಬೇಡವೆನ್ನುವ ವರ್ತಕನಿಗೆ ಆ ಹಕ್ಕು ಉಂಟು. 1791ರ ಎರಡನೆಯ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು, ಅಂಗಡಿಯ ಒಡೆಯನ ಕೈಯನ್ನಲ್ಲ. ಆದರೆ ಅವನು ಬಾಗಿಲಲ್ಲಿ ಫಲಕ ಹಾಕುವುದಾದರೆ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷೆಗಳೆರಡರಲ್ಲೂ, ಕನಿಷ್ಠ ಒಂದು ಅಂಗುಲ ಎತ್ತರದ ಅಕ್ಷರಗಳಲ್ಲಿ ಬರೆಸಬೇಕು.

ದೊಡ್ಡ ವ್ಯಾಪಾರ ಸಂಸ್ಥೆಗಳು ಬಹುಕಾಲ ಇದರಿಂದ ದೂರವುಳಿಯಲು ನೋಡಿದವು, ಕೊನೆಗೆ ಮಾತಾಡಲೇಬೇಕಾಯಿತು. 2013ರ ಸೆಪ್ಟೆಂಬರಿನಲ್ಲಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳ ಮುಖ್ಯಸ್ಥ ಹೊವಾರ್ಡ್ ಷುಲ್ಟ್ಜ್, ಗಿರಾಕಿಗಳು ಬಂದೂಕು ತರಬಾರದೆಂದು ಬಹಿರಂಗ ಪತ್ರ ಬರೆದರು. 2019ರ ಆಗಸ್ಟ್ 3ರಂದು ಟೆಕ್ಸಸ್ಸಿನ ಎಲ್ ಪಾಸೊದಲ್ಲಿ ವಾಲ್‌ಮಾರ್ಟ್ ಅಂಗಡಿಯೊಂದರಲ್ಲಿ ನಡೆದ ಗುಂಡಿನ ದಾಳಿಗೆ 23 ಮಂದಿ ಬಲಿಯಾದರು. ಕೆಲವೇ ದಿನಗಳಲ್ಲಿ ಮಿಸೂರಿ ರಾಜ್ಯದಲ್ಲಿ ಅದೇ ಸಂಸ್ಥೆಯ ಅಂಗಡಿಗೆ ಯುವಕನೊಬ್ಬ ರೈಫಲ್ ಹೊತ್ತು ಬಂದ. ತನ್ನ ಹಕ್ಕನ್ನು ಪರೀಕ್ಷಿಸಲು ಬಂದೆನೆಂದು ಆಮೇಲೆ ಹೇಳಿದ. ಆದರೆ ಸಾಮಾನು ಕೊಳ್ಳಲು ನಿಂತವರಿಗೆ ಅದು ತಿಳಿಯುವುದು ಹೇಗೆ? ಅವರು ದಿಕ್ಕೆಟ್ಟು ಹೊರಗೋಡಿದರು. ಸೆಪ್ಟೆಂಬರ್ 3ರಂದು ವಾಲ್‌ಮಾರ್ಟ್, ಕೋವಿಯನ್ನು ಪ್ರದರ್ಶಿಸುತ್ತ ಒಳಬರಬೇಡಿರೆಂದು ಕೇಳಿಕೊಂಡಿತು. ಕ್ರೋಗರ್ ಸಂಸ್ಥೆಯೂ ಅಂದೇ ಹಾಗೆ ವಿನಂತಿಸಿತು.

ಇವು ಆಜ್ಞೆಗಳಲ್ಲ, ವಿನಂತಿಗಳು. ಕಾರಣವನ್ನು ಷುಲ್ಟ್ಜ್ ಅವರೇ ಹೇಳಿದ್ದರು: ಕೈಯಲ್ಲಿ ಆಯುಧವಿರುವವನನ್ನು ತಡೆಯುವ ಕೆಲಸಕ್ಕೆ ತಮ್ಮ ನೌಕರರನ್ನು ಒಡ್ಡಲು ಅವರಿಗೆ ಮನಸ್ಸಿರಲಿಲ್ಲ. ಮಾರ್ಷಲನ ಕೆಲಸವನ್ನು ಕಾಫಿ ಬೆರೆಸುವ ಹುಡುಗಿಗೆ ಒಪ್ಪಿಸುವುದುಂಟೆ?

ಮೌನವೇ ಸಮ್ಮತಿ ಎಂಬುದು ನಮ್ಮಲ್ಲಿ ರೂಢಿಯ ಮಾತು. ಟೆಕ್ಸಸ್ಸಿನಲ್ಲಿ ಅಂಗಡಿಯವನ ಮೌನಕ್ಕೆ ಅದೇ ಅರ್ಥ. ಹವಾಯಿ ರಾಜ್ಯವಾದರೋ 2023ರಲ್ಲಿ ಇದನ್ನು ತಿರುಗಿಸಿ, ಒಡೆಯನು ಒಪ್ಪಿಗೆ ಸೂಚಿಸದ ಹೊರತು ಕೋವಿ ಒಳಗೆ ಬರಕೂಡದೆಂದಿತು. ಅದರ ಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಡಾಜ್ ಸಿಟಿಯ ವರ್ತಕನಿಗೆ ಈ ಗೊಂದಲವಿರಲಿಲ್ಲ. ಅವನ ಪರವಾಗಿ ಊರೇ ಮಾತಾಡುತ್ತಿತ್ತು. ಊರು ಸುಮ್ಮನಾದಾಗ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ಒಂಟಿಯಾಗಿ ಬಾಯಿ ತೆರೆಯಬೇಕಾಗುತ್ತದೆ.